ಯಾವ ಮಾಸ್ಕ್, ಎಲ್ಲಿ, ಎಷ್ಟು ಹೊತ್ತು: ಬೆಂಗಳೂರಿನವರಿಗೊಂದು ಮಾರ್ಗದರ್ಶಿ

ಮಳೆ ಹಿಡಿದುಕೊಂಡಿತೆಂದರೆ ಬೆಂಗಳೂರಿನ ಯಾವ ಕ್ಲಿನಿಕ್ಕಿಗೆ ಹೋದರೂ ಕೂರಲು ಕುರ್ಚಿ ಸಿಗುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ನೆಗಡಿ, ಆಫೀಸಿನಲ್ಲಿ ನಾಲ್ವರಿಗೆ ಕೆಮ್ಮು, ಶಾಲೆಯ ವಾಟ್ಸಾಪ್ ಗುಂಪಿನಲ್ಲಿ "ಮಿಸ್, ಇವತ್ತು ಮಗುಗೆ ಜ್ವರ, ಕಳಿಸಲ್ಲ" ಅನ್ನುವ ಸಂದೇಶಗಳ ಸಾಲು. ಆಗ ಮತ್ತೆ ಅದೇ ಪ್ರಶ್ನೆ ಏಳುತ್ತದೆ. ಮಾಸ್ಕ್ ಹಾಕಿದರೆ ಉಪಯೋಗ ಇದೆಯಾ, ಇಲ್ವಾ?

ಉತ್ತರ ಕೊಡುವವರಲ್ಲಿ ಎರಡು ಪಂಗಡ. "ಅದೆಲ್ಲ ಸುಮ್ನೆ, ಕೋವಿಡ್ ಕಾಲದಲ್ಲಿ ದಂಡ ಕಟ್ಟಿಸಿಕೊಂಡಿದ್ದೇ ಬಂತು" ಎನ್ನುವವರು ಒಂದು ಕಡೆ. ಲಾಲ್‌ಬಾಗಿನಲ್ಲಿ ಬೆಳಗಿನ ಜಾವ ಒಬ್ಬರೇ ನಡೆಯುವಾಗಲೂ ಮಾಸ್ಕ್ ಬಿಚ್ಚದವರು ಇನ್ನೊಂದು ಕಡೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಾಸ್ಕ್ ಕೆಲಸ ಮಾಡುತ್ತದೆ. ಎಷ್ಟು ಮಾಡುತ್ತದೆ ಎನ್ನುವುದು ಅದು ಯಾವ ಮಾಸ್ಕ್, ಮುಖಕ್ಕೆ ಹೇಗೆ ಕೂತಿದೆ, ಹಾಕಿದವರಿಗೆ ಕಾಯಿಲೆ ಇದೆಯಾ, ಅವರು ನಿಂತಿರುವ ಜಾಗದಲ್ಲಿ ಗಾಳಿ ಆಡುತ್ತದಾ ಎನ್ನುವುದರ ಮೇಲೆ ಹೋಗುತ್ತದೆ. ದಿನವಿಡೀ ಗಲ್ಲದ ಕೆಳಗೆ ನೇತಾಡುವ ಮಾಸ್ಕಿಗಿಂತ, ಬೇಕಾದ ಅರ್ಧ ಗಂಟೆ ಮುಖಕ್ಕೆ ಬಿಗಿಯಾಗಿ ಕೂತ ಮಾಸ್ಕ್ ಎಷ್ಟೋ ಮೇಲು. ಆ ಅರ್ಧ ಗಂಟೆ ಯಾವುದು ಅಂತ ಗುರುತಿಸುವುದನ್ನು ಕಲಿತರೆ ಮುಕ್ಕಾಲು ಕೆಲಸ ಮುಗಿಯಿತು.

ಮೊದಲು, ವೈರಸ್ ಬರುವ ದಾರಿ

ಕೆಮ್ಮಿದಾಗ, ಸೀನಿದಾಗ ಹಾರುವ ದಪ್ಪ ಹನಿಗಳು ಕಣ್ಣಿಗೇ ಕಾಣುತ್ತವೆ. ಅವು ಒಂದೆರಡು ಮೀಟರ್ ಹೋಗುವಷ್ಟರಲ್ಲಿ ನೆಲಕ್ಕೆ ಬೀಳುತ್ತವೆ. ತೊಂದರೆ ಇರುವುದು ಕಣ್ಣಿಗೆ ಕಾಣದ ಸಣ್ಣ ಕಣಗಳಲ್ಲಿ. ಮಾತಾಡಿದರೂ, ಹಾಡಿದರೂ, ಸುಮ್ಮನೆ ಉಸಿರು ಬಿಟ್ಟರೂ ಅವು ಹೊರಗೆ ಬರುತ್ತವೆ. ಐದು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಗಾತ್ರದ ಒಂದು ಕಣ, ಗಾಳಿ ಅಲ್ಲಾಡದ ಕೋಣೆಯಲ್ಲಿ ನಮ್ಮ ಬಾಯಿಯ ಎತ್ತರದಿಂದ ನೆಲ ಮುಟ್ಟಲು ಅರ್ಧ ಗಂಟೆಯಾದರೂ ಬೇಕು. ಅದಕ್ಕಿಂತ ಸಣ್ಣವು ಗಂಟೆಗಟ್ಟಲೆ ತೇಲುತ್ತವೆ. ದೇವರ ಮನೆಯಲ್ಲಿ ಹಚ್ಚಿದ ಊದುಬತ್ತಿಯ ಹೊಗೆ ಹಾಲ್‌ಗೆ ಹೇಗೆ ಬರುತ್ತದೋ ಇವೂ ಹಾಗೇ ಹರಡುತ್ತವೆ. ಕಿಟಕಿ ತೆರೆದರೆ ತೆಳುವಾಗುತ್ತವೆ, ಮುಚ್ಚಿದರೆ ಅಲ್ಲೇ ಕೂಡಿಕೊಳ್ಳುತ್ತವೆ.

ಇದನ್ನು ಒಪ್ಪಿಕೊಳ್ಳಲು ಆರೋಗ್ಯ ಸಂಸ್ಥೆಗಳೇ ತಡ ಮಾಡಿದವು. 2020ರ ಶುರುವಿನಲ್ಲಿ ಎಲ್ಲರ ಗಮನ ಆರು ಅಡಿ ಅಂತರ, ಸ್ಯಾನಿಟೈಸರ್, ತರಕಾರಿ ತೊಳೆಯುವುದರ ಮೇಲಿತ್ತು. ದೊಡ್ಡ ಹನಿ, ಸಣ್ಣ ಹನಿ ಅಂತ ಗೆರೆ ಎಳೆಯದೆ ಎಲ್ಲವನ್ನೂ ಉಸಿರಿನ ಸೋಂಕು ಕಣಗಳು ಎಂದೇ ಕರೆಯೋಣ ಅಂತ ವಿಶ್ವ ಆರೋಗ್ಯ ಸಂಸ್ಥೆ ವರದಿ ಕೊಟ್ಟಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ನಾವು ಎಷ್ಟು ಲೀಟರ್ ಸ್ಯಾನಿಟೈಸರ್ ಸುರಿದಿದ್ದೆವೋ!

ಇನ್ನೊಂದು ಮಾತು ಪದೇಪದೇ ಕೇಳಿಬರುತ್ತದೆ. "ವೈರಸ್ಸು ಮಾಸ್ಕಿನ ತೂತಿಗಿಂತ ಸಣ್ಣದು, ಹೇಗೆ ತಡೆಯುತ್ತೆ?" ಕೊರೊನಾ ವೈರಸ್ ಸುಮಾರು 0.1 ಮೈಕ್ರಾನ್, ನಿಜ. ಆದರೆ ಅದು ಒಂಟಿಯಾಗಿ ಹಾರಿ ಬರುವುದಿಲ್ಲ. ಎಂಜಲು, ಸಿಂಬಳದ ಕಣದೊಳಗೆ ಕೂತು ಬರುತ್ತದೆ. ಅದಲ್ಲದೆ ಎನ್95 ಮಾಸ್ಕ್ ಜರಡಿಯಲ್ಲ. ಅದರ ನಡುವಿನ ಪದರ ಪಾಲಿಪ್ರೊಪಿಲೀನ್ ಎಳೆಗಳ ಸಿಕ್ಕು. ಆ ಎಳೆಗಳಿಗೆ ಸ್ಥಿರ ವಿದ್ಯುತ್ ತುಂಬಿರುತ್ತಾರೆ. ದೊಡ್ಡ ಕಣ ತಿರುವಿನಲ್ಲಿ ತಿರುಗಲಾಗದೆ ಎಳೆಗೆ ಬಡಿದು ಅಂಟುತ್ತದೆ. ತೀರಾ ಸಣ್ಣ ಕಣ ನೇರ ಹೋಗದೆ ಅತ್ತಿತ್ತ ಜಿಗಿದಾಡುತ್ತ ಎಲ್ಲೋ ಒಂದು ಎಳೆಗೆ ತಾಗುತ್ತದೆ. ಇವೆರಡರ ನಡುವಿನ, ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳೇ ತಪ್ಪಿಸಿಕೊಳ್ಳುವುದರಲ್ಲಿ ಜಾಣರು. ಅದಕ್ಕೇ ಪರೀಕ್ಷೆಯನ್ನು ಆ ಗಾತ್ರದಲ್ಲೇ ಮಾಡುತ್ತಾರೆ. ಅಲ್ಲಿ ಕನಿಷ್ಠ ಶೇ. 95ರಷ್ಟು ತಡೆದರೆ ಎನ್95. ಅಂದರೆ ಹೆಸರಿನಲ್ಲಿರುವ ಅಂಕಿ, ಅದಕ್ಕೆ ಅತಿ ಕಷ್ಟದ ಗಾತ್ರದಲ್ಲಿ ಸಿಕ್ಕ ಅಂಕ.

ಸರಿ, ಅಧ್ಯಯನಗಳು ಏನು ಹೇಳುತ್ತವೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜಗಳವೆಲ್ಲ ಇರುವುದು ಇಲ್ಲೇ.

"ಮಾಸ್ಕ್‌ನಿಂದ ಏನೂ ಆಗಲ್ಲ ಅಂತ ದೊಡ್ಡ ಸಂಶೋಧನೆಯೇ ಹೇಳಿದೆ" ಎನ್ನುವವರು ತೋರಿಸುವುದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2023ರ ಜನವರಿಯಲ್ಲಿ ಪ್ರಕಟಿಸಿದ ವಿಮರ್ಶೆಯನ್ನು. ಅದರಲ್ಲಿ 78 ಪ್ರಯೋಗಗಳನ್ನು ಒಟ್ಟುಗೂಡಿಸಿದ್ದರು. ಅವೆಲ್ಲ ಮಾಸ್ಕ್ ಪ್ರಯೋಗಗಳಲ್ಲ, ಕೈ ತೊಳೆಯುವುದು ಮುಂತಾದವೂ ಸೇರಿದ್ದವು. ಜನಸಾಮಾನ್ಯರ ನಡುವೆ ಮಾಸ್ಕ್‌ನಿಂದ ದೊಡ್ಡ ವ್ಯತ್ಯಾಸ ಕಂಡಿಲ್ಲ ಎಂದು ಅದರಲ್ಲಿತ್ತು. ಸುದ್ದಿಯಲ್ಲಿ ಅದು "ಮಾಸ್ಕ್ ವ್ಯರ್ಥ" ಎಂದಾಯಿತು. ಮಾರ್ಚ್‌ನಲ್ಲಿ ಸಂಸ್ಥೆಯ ಪ್ರಧಾನ ಸಂಪಾದಕಿ ಕಾರ್ಲಾ ಸೋರೆಸ್-ವೀಸರ್ ಅವರೇ ಸ್ಪಷ್ಟನೆ ಕೊಡಬೇಕಾಯಿತು. ಮಾಸ್ಕ್ ಕೆಲಸ ಮಾಡುವುದಿಲ್ಲ ಎಂದು ಅರ್ಥ ಮಾಡಿಕೊಂಡಿದ್ದು ಸರಿಯಲ್ಲ, ಮಾಸ್ಕ್ ಹಾಕಿ ಎಂದು ಜನರನ್ನು ಒತ್ತಾಯಿಸುವ ಕಾರ್ಯಕ್ರಮಗಳಿಂದ ಸೋಂಕು ಇಳಿಯುತ್ತದಾ ಎಂಬುದನ್ನು ವಿಮರ್ಶೆ ನೋಡಿತ್ತು, ಅದಕ್ಕೆ ಖಚಿತ ಉತ್ತರ ಸಿಕ್ಕಿಲ್ಲ ಎಂದರು.

ಈ ವ್ಯತ್ಯಾಸ ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ. ಮಾಸ್ಕ್ ಕೊಟ್ಟು ಕಳಿಸಿದರೆ ಅಷ್ಟೂ ಜನ ಹಾಕುತ್ತಾರಾ? ಡೆನ್ಮಾರ್ಕಿನಲ್ಲಿ 2020ರ ಏಪ್ರಿಲ್, ಮೇ ತಿಂಗಳಲ್ಲಿ ಸುಮಾರು 6,000 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಮಾಸ್ಕ್ ಕೊಟ್ಟ ಗುಂಪಿನಲ್ಲಿ ಸೋಂಕು ಶೇ. 1.8, ಕೊಡದ ಗುಂಪಿನಲ್ಲಿ ಶೇ. 2.1. ವ್ಯತ್ಯಾಸ ಬಹಳ ಕಡಿಮೆ, ಕಾಕತಾಳೀಯವೂ ಆಗಿರಬಹುದು. ಆದರೆ ಹೇಳಿದ ಹಾಗೇ ಮಾಸ್ಕ್ ಹಾಕಿದವರು ಅರ್ಧಕ್ಕಿಂತ ಕಡಿಮೆ. ಸುತ್ತಲಿನ ಊರಿಗೆ ಊರೇ ಮಾಸ್ಕ್ ಇಲ್ಲದೆ ಓಡಾಡುತ್ತಿತ್ತು. ಹಾಕಿದವರಿಂದ ಬೇರೆಯವರಿಗೆ ಸೋಂಕು ಹೋಗುವುದು ತಪ್ಪಿತಾ ಎನ್ನುವುದನ್ನು ಆ ಪ್ರಯೋಗ ಅಳೆಯಲೇ ಇಲ್ಲ.

ನಮಗೆ ಹೆಚ್ಚು ಹತ್ತಿರದ್ದು ಬಾಂಗ್ಲಾದೇಶದ ಪ್ರಯೋಗ. 2020ರ ಕೊನೆಯಿಂದ 2021ರ ಏಪ್ರಿಲ್‌ವರೆಗೆ 600 ಹಳ್ಳಿಗಳಲ್ಲಿ, ಸುಮಾರು 3.4 ಲಕ್ಷ ವಯಸ್ಕರ ನಡುವೆ ನಡೆದದ್ದು. ಅರ್ಧ ಹಳ್ಳಿಗಳಲ್ಲಿ ಮನೆಮನೆಗೆ ಪುಕ್ಕಟೆ ಮಾಸ್ಕ್ ಕೊಟ್ಟರು. ಮಸೀದಿ, ಸಂತೆಗಳಲ್ಲಿ ನಿಂತು ನೆನಪಿಸಿದರು. ಮಾಸ್ಕ್ ಹಾಕುವವರು ಶೇ. 13ರಿಂದ ಶೇ. 42ಕ್ಕೆ ಏರಿದರು. ರಕ್ತ ಪರೀಕ್ಷೆಯಲ್ಲಿ ಖಚಿತವಾದ, ರೋಗಲಕ್ಷಣ ಇದ್ದ ಕೋವಿಡ್ ಒಟ್ಟಾರೆ ಸುಮಾರು ಶೇ. 9ರಷ್ಟು ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಇಳಿಕೆ ಸುಮಾರು ಶೇ. 11. ಅದೇ ಹಳ್ಳಿಗಳಲ್ಲಿ 60 ದಾಟಿದವರಲ್ಲಿ ಸುಮಾರು ಶೇ. 35. ಬಟ್ಟೆ ಮಾಸ್ಕ್ ಕೊಟ್ಟ ಕಡೆ ಇಷ್ಟು ಸ್ಪಷ್ಟ ಫಲ ಕಾಣಲಿಲ್ಲ.

ಈ ಲೆಕ್ಕಗಳ ಬಗ್ಗೆಯೂ ಕೆಲವು ಸಂಖ್ಯಾಶಾಸ್ತ್ರಜ್ಞರ ತಕರಾರು ಇದೆ. ನಾನು ಇದನ್ನು ಹೀಗೆ ಓದುತ್ತೇನೆ. ನೂರರಲ್ಲಿ 58 ಜನ ಮಾಸ್ಕ್ ಹಾಕದೇ ಇದ್ದ ಊರಿನಲ್ಲೂ, ಸಾಧಾರಣ ಸರ್ಜಿಕಲ್ ಮಾಸ್ಕ್‌ನಿಂದ, ಮುದುಕರಿಗೆ ಅಷ್ಟು ಲಾಭ ಆಯಿತೆಂದರೆ ತಳ್ಳಿಹಾಕುವಂಥದ್ದಲ್ಲ.

ಇತ್ತೀಚಿನದು ನಾರ್ವೆಯದ್ದು, 2024ರಲ್ಲಿ ಪ್ರಕಟವಾಯಿತು. ಸುಮಾರು 4,600 ಜನ. ಹೊರಗೆ ಜನರ ನಡುವೆ ಹೋದಾಗ ಸರ್ಜಿಕಲ್ ಮಾಸ್ಕ್ ಹಾಕಿಕೊಳ್ಳಿ ಎಂದು ಹೇಳಿದ ಗುಂಪಿನಲ್ಲಿ ಎರಡು ವಾರದೊಳಗೆ ಶೇ. 8.9 ಮಂದಿ ನೆಗಡಿ, ಕೆಮ್ಮಿನ ಲಕ್ಷಣ ಇದೆ ಎಂದರು. ಇನ್ನೊಂದು ಗುಂಪಿನಲ್ಲಿ ಶೇ. 12.2. ಇದು ಅವರವರೇ ಹೇಳಿಕೊಂಡ ಲಕ್ಷಣ, ಲ್ಯಾಬ್ ಪರೀಕ್ಷೆಯಲ್ಲ. ಪವಾಡವೂ ಅಲ್ಲ, ಶೂನ್ಯವೂ ಅಲ್ಲ.

ಬಟ್ಟೆ ಮಾಸ್ಕ್ ಬಗ್ಗೆ ಹಳೆಯ ಎಚ್ಚರಿಕೆ ಒಂದಿದೆ. ವಿಯೆಟ್ನಾಂನ ಹನೋಯ್ ಆಸ್ಪತ್ರೆಗಳ ಸಿಬ್ಬಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಟ್ಟೆ ಮಾಸ್ಕ್ ಹಾಕಿದವರಿಗೆ ಸರ್ಜಿಕಲ್ ಮಾಸ್ಕ್ ಹಾಕಿದವರಿಗಿಂತ ಜಾಸ್ತಿ ಫ್ಲೂ ಥರದ ಕಾಯಿಲೆ ಬಂದಿತ್ತು. ಹಾಗಾಗಿ ಸೀರೆಗೆ ಹೊಂದುವ ಬಣ್ಣದ ಬಟ್ಟೆ ಮಾಸ್ಕ್ ಇದ್ದರೆ ಧೂಳಿಗೆ ಇಟ್ಟುಕೊಳ್ಳಿ. ಸೆರಗು, ಕರ್ಚೀಫು ಸೀನುವಾಗ ಬಾಯಿಗೆ ಅಡ್ಡ ಹಿಡಿಯಲು ಪರವಾಗಿಲ್ಲ, ಆಸ್ಪತ್ರೆಯಲ್ಲಿ ಕೂರಲು ಸಾಲದು.

ಎಲ್ಲಿ ಹಾಕಬೇಕು, ಎಲ್ಲಿ ಬೇಡ

ನಿಮ್ಮ ಒಂದು ದಿನವನ್ನು ತೆಗೆದುಕೊಳ್ಳಿ. ಎಲ್ಲಿ ಗಾಳಿ ಆಡುವುದಿಲ್ಲ, ಎಲ್ಲಿ ಪರರ ಉಸಿರು ಹತ್ತಿರ, ಎಲ್ಲಿ ಕಾಯಿಲೆಯವರು ಇರುವುದು ಜಾಸ್ತಿ? ಈ ಮೂರರಲ್ಲಿ ಎರಡು ಸೇರಿದ ಕಡೆ ಮಾಸ್ಕ್ ಹಾಕಿ. ಮೂರೂ ಸೇರಿದ ಕಡೆ ಎನ್95ನೇ ಹಾಕಿ.

ಮೂರೂ ಸೇರುವ ಜಾಗ ನಮ್ಮ ಬಡಾವಣೆಯ ಕ್ಲಿನಿಕ್. ನೋಡಿದ್ದೀರಲ್ಲ, ಅಂಗಡಿ ಮಳಿಗೆಯಲ್ಲೇ ನಡೆಯುವಂಥದ್ದು. ಮುಂದೆ ಗಾಜಿನ ಬಾಗಿಲು, ಹಿಂದೆ ಗೋಡೆ, ಕಿಟಕಿಯೇ ಇಲ್ಲ. ಸಂಜೆ ಏಳಕ್ಕೆ ಡಾಕ್ಟರು ಬರುತ್ತಾರೆ, ಆರೂವರೆಗೇ ಟೋಕನ್ ತೆಗೆದುಕೊಂಡವರು ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾರೆ. ಒಬ್ಬರ ತೊಡೆಯ ಮೇಲೆ ಕೆಮ್ಮುವ ಮಗು, ಪಕ್ಕದಲ್ಲಿ ಬಿಪಿ ತೋರಿಸಲು ಬಂದ ಅಜ್ಜಿ. ಮೇಲೆ ಫ್ಯಾನು ಅದೇ ಗಾಳಿಯನ್ನು ಸುತ್ತಿಸುತ್ತಿರುತ್ತದೆ. ಬರೀ ಬಿಪಿ ತೋರಿಸಲು ಹೋದವರು ನೆಗಡಿ ಹಿಡಿಸಿಕೊಂಡು ಬರುವುದು ಇಲ್ಲೇ. ಟೋಕನ್ ತೆಗೆದುಕೊಂಡು ಹೊರಗೆ ಫುಟ್‌ಪಾತಿನಲ್ಲಿ ನಿಲ್ಲಿ. ಒಳಗೆ ಕರೆದಾಗ ಮಾಸ್ಕ್ ಹಾಕಿ ಹೋಗಿ. ನನಗೆ ಒಂದೇ ಒಂದು ಜಾಗ ಆರಿಸು ಎಂದರೆ ಇದನ್ನೇ ಆರಿಸುತ್ತೇನೆ. ರಾಜೀವ್ ಗಾಂಧಿ ಎದೆರೋಗ ಸಂಸ್ಥೆಯಂಥ ಕಡೆ ರೋಗಿಯ ಜೊತೆ ಹೋಗುವವರಿಗಂತೂ ಎನ್95 ಬೇಕೇ ಬೇಕು. ಅಲ್ಲಿ ವೈರಸ್ ಜೊತೆಗೆ ಕ್ಷಯದ ಭಯವೂ ಇದೆ, ಕ್ಷಯ ಹರಡುವುದೂ ಗಾಳಿಯಲ್ಲೇ.

ಬಸ್ಸಿನ ವಿಷಯಕ್ಕೆ ಬನ್ನಿ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಕಿಟಕಿಗಳು ತೆರೆದಿದ್ದು ಬಸ್ಸು ಓಡುತ್ತಿದ್ದರೆ ಗಾಳಿ ಚೆನ್ನಾಗಿಯೇ ಬದಲಾಗುತ್ತದೆ. ಮಳೆ ಬಂದು ಎಲ್ಲರೂ ಗಾಜು ಮುಚ್ಚಿಬಿಟ್ಟರೆ ಕಥೆ ಬೇರೆ. ವಜ್ರ ಬಸ್ಸಿನ ಕಿಟಕಿ ತೆರೆಯುವಂತಿಲ್ಲ. ಮೆಟ್ರೋ ಕೂಡ ಎಸಿ, ಮುಚ್ಚಿದ ಬೋಗಿ. ಬಾಗಿಲು ನಿಲ್ದಾಣ ನಿಲ್ದಾಣಕ್ಕೂ ತೆರೆಯುತ್ತದೆ, ಅದು ಒಂದಿಷ್ಟು ನೆರವು. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಡೆ ಹೊರಟ ನೇರಳೆ ಮಾರ್ಗದ ರೈಲಿನಲ್ಲಿ, ಪಕ್ಕದವರ ಉಸಿರು ಕತ್ತಿಗೆ ತಾಗುವ ನೂಕುನುಗ್ಗಲಲ್ಲಿ, ಮುಕ್ಕಾಲು ಗಂಟೆ ನಿಲ್ಲುತ್ತೀರಾದರೆ ಮಾಸ್ಕ್ ಹಾಕಿ. ಊರಲ್ಲಿ ಫ್ಲೂ ಜಾಸ್ತಿ ಇರುವ ವಾರಗಳಲ್ಲಂತೂ ತಪ್ಪಿಸಬೇಡಿ. ಮೇಲ್ಸೇತುವೆ ನಿಲ್ದಾಣಗಳ ಪ್ಲಾಟ್‌ಫಾರ್ಮಿನಲ್ಲಿ ಗಾಳಿ ಧಾರಾಳ, ರೈಲು ಬರುವ ಹೊತ್ತಿಗೆ ಹಾಕಿಕೊಂಡರೆ ಸಾಕು.

ಆಫೀಸಿನಲ್ಲಿ ದೊಡ್ಡ ಹಾಲ್‌ಗಿಂತ ಸಣ್ಣ ಮೀಟಿಂಗ್ ರೂಮು ಕೆಟ್ಟದ್ದು. ಆರು ಜನರಿಗೆ ಮಾಡಿದ ಗಾಜಿನ ಡಬ್ಬಿಯಲ್ಲಿ ಹತ್ತು ಜನ, ಬಾಗಿಲು ಹಾಕಿ, ಒಂದು ಗಂಟೆ ಮಾತು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಇಂಥ ರೂಮಿನಲ್ಲಿ ಅದನ್ನು ಅಳೆಯುವ ಮೀಟರ್ ಇಟ್ಟರೆ ಅಂಕಿ ಸಾವಿರ ದಾಟಿ ಏರುತ್ತಾ ಹೋಗುವುದನ್ನು ನೋಡಬಹುದು. ಅದು ಪರರು ಬಿಟ್ಟ ಉಸಿರಿನ ಲೆಕ್ಕ. ಬಾಗಿಲು ತೆರೆದಿಡಿ ಅಂತ ಕೇಳುವುದು ಮಾಸ್ಕಿಗಿಂತ ಮೊದಲಿನ ಮದ್ದು, ಖರ್ಚೂ ಇಲ್ಲ.

ಬೇಡವೇ ಬೇಡ ಎನ್ನುವ ಜಾಗಗಳೂ ಇವೆ. ಕಬ್ಬನ್ ಪಾರ್ಕಿನ ವಾಕಿಂಗು. ಹೊರಗೆ ಕಟ್ಟೆಯ ಮೇಲೆ ನಿಂತು ತಿನ್ನುವ ದರ್ಶಿನಿ. ಸ್ಕೂಟರಿನಲ್ಲಿ ಒಬ್ಬರೇ ಹೋಗುವುದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹೆಲ್ಮೆಟ್ಟಿನೊಳಗೆ ಮಾಸ್ಕ್ ಹಾಕುವವರು ಹೊಗೆ, ಧೂಳಿಗೆ ಹಾಕುತ್ತಾರೆ. ಒಳ್ಳೆಯದೇ, ಎನ್95 ಆದರೆ ನಿಜಕ್ಕೂ ಪ್ರಯೋಜನ. ವೈರಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯಂಥ ಬಯಲಿನ ಜಾತ್ರೆಯಲ್ಲಿ, ಜನ ಎಷ್ಟೇ ಇದ್ದರೂ, ಆರೋಗ್ಯವಾಗಿರುವ ಪ್ರಾಯದವರು ತಲೆ ಕೆಡಿಸಿಕೊಳ್ಳುವ ಅಗತ್ಯ ಕಾಣೆ. ಕೀಮೋ ತೆಗೆದುಕೊಳ್ಳುತ್ತಿರುವವರು, ಮೂತ್ರಪಿಂಡ ಕಸಿ ಆದವರು ಮಾತ್ರ ತಮ್ಮ ಡಾಕ್ಟರ ಮಾತು ಕೇಳಲಿ.

ಮದುವೆ ಛತ್ರದ ಊಟದ ಹಾಲ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಉಣ್ಣುವಾಗ ಮಾಸ್ಕ್ ಹಾಕಲಾಗದು. ನಿಮಗೆ ಜ್ವರ, ಕೆಮ್ಮು ಇದ್ದರೆ ಹೋಗಬೇಡಿ. ಮುಯ್ಯಿಯನ್ನು ಯುಪಿಐನಲ್ಲಿ ಕಳಿಸಿದರೂ ತಲುಪುತ್ತದೆ.

ಕೊಳ್ಳುವಾಗ

ಮೆಡಿಕಲ್ ಶಾಪಿಗೆ ಹೋಗಿ "ಎನ್95 ಕೊಡಿ" ಎಂದರೆ ಮೂರು ಥರದ್ದು ಮುಂದೆ ಬರುತ್ತವೆ. ಒಂದರ ಮೇಲೆ ಎನ್95 ಅಂತ ಉಬ್ಬು ಅಚ್ಚು ಬಿಟ್ಟರೆ ಬೇರೇನೂ ಇರುವುದಿಲ್ಲ. "ಇದೂ ಎನ್95ನೇ ಸಾರ್, ಐದು ಲೇಯರ್ ಇದೆ" ಎನ್ನುತ್ತಾರೆ ಅಂಗಡಿಯವರು. ಪದರ ಎಷ್ಟಾದರೂ ಇರಲಿ, ನಡುವಿನ ಆ ಒಂದು ಪದರ ಸರಿ ಇಲ್ಲದಿದ್ದರೆ ಉಳಿದವು ಬರೀ ಬಟ್ಟೆ.

ನೋಡಬೇಕಾದ್ದು ಐಎಸ್‌ಐ ಗುರುತು. ಅದರ ಜೊತೆ ಐಎಸ್ 9473 ಎಂಬ ಸಂಖ್ಯೆ, ಎಫ್‌ಎಫ್‌ಪಿ2 ಎಂಬ ದರ್ಜೆ, ಮತ್ತು ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಪರವಾನಗಿ ಸಂಖ್ಯೆಯನ್ನು ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಅಂತ ತೋರಿಸುತ್ತದೆ. ಅಂಗಡಿಯ ಮುಂದೆಯೇ ನಿಂತು ನೋಡಿ, ನಾಚಿಕೆ ಏನಿಲ್ಲ. ಎಫ್‌ಎಫ್‌ಪಿ2 ಅಂದರೆ ಕನಿಷ್ಠ ಶೇ. 94ರಷ್ಟು ಸೋಸುವಿಕೆ, ಎನ್95ಕ್ಕೆ ಹೆಚ್ಚುಕಡಿಮೆ ಸಮ. ಸರ್ಜಿಕಲ್ ಮಾಸ್ಕಿಗೆ ಬೇರೆ ಮಾನದಂಡ, ಐಎಸ್ 16289.

ಮೂತಿಯ ಮೇಲೆ ದುಂಡನೆಯ ಪ್ಲಾಸ್ಟಿಕ್ ವಾಲ್ವ್ ಇರುವುದನ್ನು ಕೊಳ್ಳಬೇಡಿ. ಅದು ಒಳಗೆ ಎಳೆದ ಗಾಳಿಯನ್ನು ಸೋಸುತ್ತದೆ, ಹೊರಗೆ ಬಿಟ್ಟದ್ದನ್ನು ಹಾಗೇ ಬಿಡುತ್ತದೆ. ನಿಮಗೆ ಸೋಂಕಿದ್ದರೆ ಎದುರಿನವರ ಗತಿ? ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2020ರ ಜುಲೈನಲ್ಲೇ ಇದರ ವಿರುದ್ಧ ರಾಜ್ಯಗಳಿಗೆ ಪತ್ರ ಬರೆದಿತ್ತು. ಈಗಲೂ ಸಿಗ್ನಲ್ಲುಗಳಲ್ಲಿ ಮಾರುತ್ತಾರೆ.

ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವುದು ಬಿಗಿಯಾಗಿ ಕೂರುತ್ತದೆ. ಮೊದಲು ಒಂದೇ ಒಂದು ಕೊಂಡು ಮನೆಯಲ್ಲಿ ಹಾಕಿ ನೋಡಿ. ನಿಮ್ಮ ಮುಖಕ್ಕೆ ಆಗಿಬಂದರೆ ಆಮೇಲೆ ಪ್ಯಾಕೆಟ್ ತನ್ನಿ. ಹೆಸರುವಾಸಿ ಬ್ರ್ಯಾಂಡು ಅಂತ ಕೊಂಡದ್ದು ಮೂಗಿನ ಪಕ್ಕ ಬಾಯಿ ಬಿಡುತ್ತಿದ್ದರೆ ಏನು ಬಂತು?

ಹಾಕಿಕೊಳ್ಳುವ ಕ್ರಮ

ಕೈ ತೊಳೆದುಕೊಳ್ಳಿ. ಮಾಸ್ಕನ್ನು ಅಂಗೈಯಲ್ಲಿಟ್ಟು, ಮೂಗಿನ ತಂತಿ ಬೆರಳ ತುದಿಗೆ ಬರುವಂತೆ ಹಿಡಿಯಿರಿ, ಪಟ್ಟಿಗಳು ಕೆಳಗೆ ಜೋತುಬೀಳಲಿ. ಗಲ್ಲದ ಕೆಳಗಿನಿಂದ ಮುಖಕ್ಕೆ ಒತ್ತಿ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕತ್ತಿಗೆ. ಜಡೆ ಇದ್ದರೆ ಕೆಳಗಿನ ಪಟ್ಟಿ ಜಡೆಯ ಒಳಗಡೆ, ಚರ್ಮಕ್ಕೆ ತಾಗಿ ಇರಬೇಕು. ಜಡೆಯ ಮೇಲೆ ಬಂದರೆ ನಡೆಯುತ್ತ ನಡೆಯುತ್ತ ಜಾರುತ್ತದೆ. ಎರಡು ಪಟ್ಟಿ ಒಂದರ ಮೇಲೊಂದು ಅಡ್ಡ ಹಾಯಬಾರದು.

ಈಗ ತಂತಿ. ಹೆಚ್ಚಿನವರು ಹೆಬ್ಬೆರಳು, ತೋರುಬೆರಳಿನಿಂದ ಒಮ್ಮೆ ಚಿವುಟಿ ಬಿಡುತ್ತಾರೆ. ಹಾಗೆ ಚಿವುಟಿದರೆ ನಡುವೆ ಚೂಪಾದ ಕೋನ ಬಂದು ಅಲ್ಲೇ ಸಂದು ಉಳಿಯುತ್ತದೆ. ಎರಡೂ ಕೈಯ ಎರಡೆರಡು ಬೆರಳನ್ನು ಮೂಗಿನ ನೆತ್ತಿಯ ಮೇಲಿಟ್ಟು, ಅಲ್ಲಿಂದ ಎರಡೂ ಕೆನ್ನೆಯ ಕಡೆಗೆ ಒತ್ತುತ್ತಾ ಜಾರಿಸಿ. ಮೂಗಿನ ಇಳಿಜಾರಿಗೆ ತಂತಿ ಮಲಗಬೇಕು.

ಪರೀಕ್ಷೆ ಮಾಡಿ. ಎರಡು ಅಂಗೈಯಿಂದ ಮಾಸ್ಕನ್ನು ಮೆಲ್ಲಗೆ ಮುಚ್ಚಿಕೊಂಡು ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆಗೆ ಬಿಸಿ ಗಾಳಿ ನುಗ್ಗಿದರೆ ತಂತಿ ಸರಿ ಇಲ್ಲ. ಕೆನ್ನೆಯ ಪಕ್ಕ ಬಂದರೆ ಪಟ್ಟಿ ಸಡಿಲ. ಕನ್ನಡಕದವರಿಗೆ ಈ ಪರೀಕ್ಷೆ ದಿನವಿಡೀ ಪುಕ್ಕಟೆ. ಗಾಜು ಮಂಜಾಯಿತೆಂದರೆ ಸಂದಿನಿಂದ ಸೋರುತ್ತಿದೆ ಅಂತಲೇ ಲೆಕ್ಕ. ಆಮೇಲೆ ಉಸಿರು ಒಳಗೆ ಎಳೆಯಿರಿ, ಮಾಸ್ಕ್ ಮುಖದ ಕಡೆಗೆ ಸ್ವಲ್ಪ ಸೆಳೆದುಕೊಳ್ಳಬೇಕು.

ಗಡ್ಡ ಬಿಟ್ಟವರಿಗೆ ಕೆಟ್ಟ ಸುದ್ದಿ. ಮಾಸ್ಕಿನ ಅಂಚು ಕೂದಲಿನ ಮೇಲೆ ಕೂತರೆ ಎನ್95 ಕೂಡ ಬರೀ ಹೆಸರಿಗೆ ಎನ್95. ಮೀಸೆ ಅಂಚಿನೊಳಗೆ ಇದ್ದರೆ ಅಡ್ಡಿಯಿಲ್ಲ.

ಕೈಯಲ್ಲಿ ಸರ್ಜಿಕಲ್ ಮಾಸ್ಕ್ ಮಾತ್ರ ಇದ್ದರೆ? ಅದು ಮುಖಕ್ಕೆ ಅಂಟಿ ಕೂರಲು ಮಾಡಿದ್ದಲ್ಲ, ಪಕ್ಕದಲ್ಲಿ ಬಾಯಿ ಬಿಟ್ಟೇ ಇರುತ್ತದೆ. ಕಿವಿಯ ಎಲಾಸ್ಟಿಕ್ಕನ್ನು ಮಾಸ್ಕಿನ ಮೂಲೆಗೆ ಹತ್ತಿರದಲ್ಲೇ ಒಂದು ಗಂಟು ಹಾಕಿ, ಪಕ್ಕದ ಮಡಿಕೆಯನ್ನು ಒಳಗೆ ತಳ್ಳಿ. ಸಂದು ಮುಚ್ಚುತ್ತದೆ. ಇಲ್ಲವೇ ಅದರ ಮೇಲೆ ಬಿಗಿಯಾದ ಬಟ್ಟೆ ಮಾಸ್ಕ್ ಹಾಕಿ, ಮೇಲಿನದು ಕೆಳಗಿನದರ ಅಂಚನ್ನು ಒತ್ತಿ ಹಿಡಿಯುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಬೊಂಬೆ ತಲೆಗಳ ಮೇಲೆ ಇವೆರಡನ್ನೂ ಪರೀಕ್ಷಿಸಿತ್ತು. ಸುಮ್ಮನೆ ಹಾಕಿದ ಸರ್ಜಿಕಲ್ ಮಾಸ್ಕಿಗಿಂತ ಇವು ಎಷ್ಟೋ ಜಾಸ್ತಿ ತಡೆದವು. ಎನ್95 ಮೇಲೆ ಇನ್ನೊಂದು ಹಾಕುವುದು ಬೇಡ.

ಫೋನ್ ಬಂದ ಕೂಡಲೇ ಮಾಸ್ಕ್ ಕೆಳಗೆ ಎಳೆದು ಮಾತಾಡುವ ಅಭ್ಯಾಸ ನಮ್ಮಲ್ಲಿ ವಿಪರೀತ. ಅದೂ "ಹಲೋ, ಕೇಳಿಸ್ತಾ ಇದೆಯಾ" ಅಂತ ಗಟ್ಟಿಯಾಗಿ! ಗಟ್ಟಿಯಾಗಿ ಮಾತಾಡುವಾಗಲೇ ಬಾಯಿಂದ ಕಣಗಳು ಹೆಚ್ಚು ಹೊರಡುವುದು.

"ಉಸಿರು ಕಟ್ಟುತ್ತೆ, ಆಕ್ಸಿಜನ್ ಕಮ್ಮಿ ಆಗುತ್ತೆ" ಎನ್ನುವವರಿಗೆ ಒಂದೇ ಮಾತು. ಆಪರೇಷನ್ ಮಾಡುವ ಡಾಕ್ಟರುಗಳು ಗಂಟೆಗಟ್ಟಲೆ ಹಾಕಿಕೊಂಡೇ ನಿಲ್ಲುತ್ತಾರೆ. ಸೆಕೆ ಆಗುತ್ತದೆ, ಕಿರಿಕಿರಿ ಆಗುತ್ತದೆ, ಅದು ನಿಜ. ತೀವ್ರ ಆಸ್ತಮಾ, ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇರುವವರು ಡಾಕ್ಟರನ್ನು ಕೇಳಿಯೇ ಎನ್95 ಹಾಕಲಿ.

ಕಾಯಿಲೆ ನಿಮಗೇ ಬಂದಾಗ

ಮಾಸ್ಕಿನ ಅತಿ ದೊಡ್ಡ ಉಪಯೋಗ ಇಲ್ಲಿದೆ ಎಂದೇ ನನ್ನ ಅಭಿಪ್ರಾಯ. ಕಣಗಳು ಬಾಯಿಂದ ಹೊರಟ ಕ್ಷಣದಲ್ಲಿ ದೊಡ್ಡದಾಗಿ, ಒದ್ದೆಯಾಗಿ ಇರುತ್ತವೆ. ಆಮೇಲೆ ಒಣಗಿ ಸಣ್ಣಗಾಗುತ್ತವೆ, ಕೋಣೆ ತುಂಬ ಹರಡುತ್ತವೆ. ಹೊರಡುವಾಗಲೇ ಹಿಡಿಯುವುದು ಸುಲಭ. ಹಾಂಕಾಂಗಿನಲ್ಲಿ ನೆಗಡಿ, ಫ್ಲೂ ಇದ್ದ ರೋಗಿಗಳ ಉಸಿರನ್ನು ಯಂತ್ರದಲ್ಲಿ ಸಂಗ್ರಹಿಸಿ ನೋಡಿದ ಅಧ್ಯಯನ 2020ರಲ್ಲಿ ಬಂತು. ಸಾಧಾರಣ ಸರ್ಜಿಕಲ್ ಮಾಸ್ಕ್ ಹಾಕಿದಾಗ ಅವರ ಉಸಿರಿನಲ್ಲಿ ನೆಗಡಿ ತರುವ ಕೊರೊನಾ ವೈರಸ್ಸುಗಳು ಕಡಿಮೆಯಾಗಿದ್ದವು. ನನ್ನ ಪ್ರಕಾರ ಹತ್ತು ಜನ ಆರೋಗ್ಯವಂತರು ಹಾಕುವುದಕ್ಕಿಂತ ಕೆಮ್ಮುವ ಒಬ್ಬರು ಹಾಕಿದರೆ ಲಾಭ ಜಾಸ್ತಿ. ನಮ್ಮಲ್ಲಿ ನಡೆಯುವುದು ಉಲ್ಟಾ. ಕೆಮ್ಮುವವರು ಆರಾಮಾಗಿ ಕೂತಿರುತ್ತಾರೆ, ಪಕ್ಕದವರು ಗಾಬರಿಯಿಂದ ಮಾಸ್ಕ್ ಹುಡುಕುತ್ತಾರೆ.

ಸಾಧ್ಯವಾದರೆ ಮನೆಯಲ್ಲೇ ಇರಿ. ಆದರೆ ದಿನಗೂಲಿಯವರಿಗೆ, ಮನೆಗೆಲಸಕ್ಕೆ ಹೋಗುವವರಿಗೆ, ಕ್ಯಾಬ್ ಓಡಿಸುವವರಿಗೆ ರಜೆ ಎಲ್ಲಿಂದ ಬರಬೇಕು? ಮನೆಗೆ ಬರುವ ಅಕ್ಕನಿಗೆ ಜ್ವರ ಬಂದರೆ ಸಂಬಳ ಹಿಡಿಯದೆ ಎರಡು ದಿನ ಬಿಡುವು ಕೊಡಿ. ಅದು ನಿಮ್ಮ ಮನೆಯ ಅಜ್ಜ ಅಜ್ಜಿಗೂ ರಕ್ಷಣೆಯೇ. ಜ್ವರದ ಮಾತ್ರೆ ಇಲ್ಲದೆ ಒಂದು ಪೂರ್ತಿ ದಿನ ಜ್ವರ ಬರದೆ, ಒಟ್ಟಾರೆ ಸುಧಾರಿಸಿದ್ದರೆ ಹೊರಗೆ ಓಡಾಡಬಹುದು, ಅದರ ಮೇಲೆ ಇನ್ನೂ ಐದು ದಿನ ಜನರ ನಡುವೆ ಮಾಸ್ಕ್ ಹಾಕಿ ಎನ್ನುವುದು ಸಿಡಿಸಿಯ 2024ರ ಸಲಹೆ. ಪಾಲಿಸಲು ಕಷ್ಟವಿಲ್ಲ.

ಮನೆಯೊಳಗೆ ರೋಗಿಗೆ ಬೇರೆ ಕೋಣೆ ಕೊಡಲು ಎಲ್ಲರ ಮನೆಯಲ್ಲೂ ಆಗುವುದಿಲ್ಲ. ಒಂದೇ ಬೆಡ್‌ರೂಮಿನ ಬಾಡಿಗೆ ಮನೆಯಾದರೆ ಎದುರುಬದುರು ಎರಡು ಕಿಟಕಿ ತೆರೆಯಿರಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿಡಿ. ಡಿಸೆಂಬರಿನ ಚಳಿಗೆ ಕಿಟಕಿ ಪೂರ್ತಿ ಮುಚ್ಚುವ ಬದಲು ನಾಲ್ಕು ಬೆರಳು ಸಂದು ಬಿಡಿ. ರೋಗಿಗೂ, ಆರೈಕೆ ಮಾಡುವವರಿಗೂ ಹತ್ತಿರ ಬಂದಾಗ ಮಾಸ್ಕ್ ಇರಲಿ. ಉಸಿರಾಡಲು ಕಷ್ಟವಾದರೆ, ಎದೆ ಬಿಗಿದರೆ, ಮಂಪರು ಬಂದರೆ ಮಾಸ್ಕಿನ ಮಾತು ಬಿಟ್ಟು ಆಸ್ಪತ್ರೆಗೆ ಹೊರಡಿ.

ಕೂಸುಗಳು, ಮಕ್ಕಳು, ಹಿರಿಯರು

2025ರ ಜನವರಿ 6ರಂದು ಬೆಂಗಳೂರಿನ ಎರಡು ಕೂಸುಗಳಲ್ಲಿ, ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು ತಿಂಗಳು, ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ ಪತ್ತೆಯಾಯಿತೆಂದು ಸುದ್ದಿ ಬಂದಾಗ ಊರು ಮತ್ತೆ ಮಾಸ್ಕಿನ ಮಾತಾಡಿತು. ಆ ವೈರಸ್ ಹೊಸದೇನಲ್ಲ, 2001ರಲ್ಲೇ ಗುರುತಿಸಿದ್ದರು. ಅಷ್ಟು ಸಣ್ಣ ಮಕ್ಕಳಿಗೆ ಮಾಸ್ಕ್ ಹಾಕುವಂತೆಯೇ ಇಲ್ಲ. ಎರಡು ವರ್ಷದೊಳಗಿನವರಿಗೆ ಉಸಿರು ಕಟ್ಟುವ ಅಪಾಯ ಇದೆ. ಐದು ವರ್ಷದವರೆಗೆ ಬೇಡ, ಆರರಿಂದ ಹನ್ನೊಂದರವರು ದೊಡ್ಡವರ ಕಣ್ಣಳತೆಯಲ್ಲಿ ಹಾಕಬಹುದು ಎಂದು ಕೇಂದ್ರದ ಆರೋಗ್ಯ ಮಹಾನಿರ್ದೇಶನಾಲಯ 2021ರ ಜೂನ್‌ನಲ್ಲಿ ಹೇಳಿತ್ತು. ಹಾಗಾಗಿ ಕೂಸಿನ ಮನೆಯಲ್ಲಿ ಮಾಸ್ಕ್ ಹಾಕಬೇಕಾದವರು ನೋಡಲು ಬರುವ ನಾವು. ನೆಗಡಿ ಇದ್ದರೆ ನಾಮಕರಣಕ್ಕೆ ಬಂದ ದೊಡ್ಡಮ್ಮನಾದರೂ ಸರಿ, ಮುದ್ದಿಸುವುದು ಮುಂದಿನ ವಾರಕ್ಕೆ ಇರಲಿ. ಹೇಳಲು ಮುಜುಗರ ಆದರೆ "ಡಾಕ್ಟರು ಹೇಳಿದ್ದಾರೆ ದೊಡ್ಡಮ್ಮ" ಅನ್ನಿ. ಈ ಸುಳ್ಳಿಗೆ ದೋಷವಿಲ್ಲ.

ಹಿರಿಯರ ವಿಷಯದಲ್ಲಿ ಬಾಂಗ್ಲಾದೇಶದ ಆ ಶೇ. 35 ನೆನಪಿಡಿ. 2023ರ ಡಿಸೆಂಬರಿನಲ್ಲಿ ಕೋವಿಡ್ ಮತ್ತೆ ತಲೆ ಎತ್ತಿದಾಗ ಕರ್ನಾಟಕ ಸರ್ಕಾರವೂ 60 ದಾಟಿದವರು, ಬೇರೆ ಕಾಯಿಲೆ ಇರುವವರು ಮಾಸ್ಕ್ ಹಾಕಬೇಕೆಂದು ಹೇಳಿತ್ತು. ಅಪ್ಪ ಅಮ್ಮನಿಗೆ ಎನ್95 ಒಗ್ಗದಿದ್ದರೆ ಗಂಟು ಹಾಕಿದ ಸರ್ಜಿಕಲ್ ಮಾಸ್ಕ್ ಆದರೂ ಸರಿ. ಹಾಕದ ಎನ್95ಕ್ಕಿಂತ ಹಾಕಿದ ಸರ್ಜಿಕಲ್ ಮೇಲು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಬಗ್ಗೆ ಅವರ ಡಾಕ್ಟರ ಹತ್ತಿರ ಮಾತಾಡಿ. ಮಾಸ್ಕ್ ಅದರ ಬದಲಿಗೆ ಬರುವಂಥದ್ದಲ್ಲ.

ತೆಗೆದಿಡುವುದು, ಬಿಸಾಡುವುದು

ತೆಗೆಯುವಾಗ ಪಟ್ಟಿ ಹಿಡಿದು ತೆಗೆಯಿರಿ, ಮುಂಭಾಗ ಮುಟ್ಟಬೇಡಿ. ಎನ್95ನ್ನು ಎಂದೂ ತೊಳೆಯಬೇಡಿ, ಸ್ಯಾನಿಟೈಸರ್ ಚಿಮುಕಿಸಬೇಡಿ. ಸೋಪು, ಆಲ್ಕೋಹಾಲ್ ತಾಗಿದರೆ ಎಳೆಗಳ ಸ್ಥಿರ ವಿದ್ಯುತ್ ಹೋಗುತ್ತದೆ. ನೋಡಲು ಹೊಸದರಂತೆ ಹೊಳೆಯುತ್ತದೆ, ಸೋಸುವ ಶಕ್ತಿ ಇರುವುದಿಲ್ಲ. ಎರಡು ಮೂರು ಮಾಸ್ಕ್ ಇಟ್ಟುಕೊಂಡು ಸರದಿಯಲ್ಲಿ ಬಳಸಿ. ಬಳಸಿದ್ದನ್ನು ಕಾಗದದ ಕವರಿನಲ್ಲಿ ಹಾಕಿ ಗಾಳಿಯಾಡುವ ಕಡೆ ನೇತುಹಾಕಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಉಸಿರಿನ ತೇವ ಹಾಗೇ ಉಳಿಯುತ್ತದೆ. ಪಟ್ಟಿ ಸಡಿಲವಾದರೆ, ಒದ್ದೆಯಾದರೆ, ಕೊಳೆಯಾದರೆ, ಉಸಿರಾಟ ಬಿಗಿ ಎನಿಸಿದರೆ ಅದರ ಕಾಲ ಮುಗಿಯಿತು. ಸರ್ಜಿಕಲ್ ಮಾಸ್ಕ್ ಒಂದು ದಿನಕ್ಕೆ ಒಂದು, ಅಷ್ಟೇ.

ಬಿಸಾಡುವಾಗ ಒಣ ಕಸದ ಚೀಲಕ್ಕೆ ಹಾಕಬೇಡಿ. ಒಣ ಕಸವನ್ನು ಪೌರಕಾರ್ಮಿಕರು, ಚಿಂದಿ ಆಯುವವರು ಕೈಯಲ್ಲೇ ಬಿಡಿಸುತ್ತಾರೆ. ಹಸಿರು ಬಕೆಟ್ಟು ಹಸಿ ಕಸಕ್ಕೆ, ಚೀಲ ಒಣ ಕಸಕ್ಕೆ, ಕೆಂಪು ಬಕೆಟ್ಟು ಪ್ಯಾಡು, ಡೈಪರಿನಂಥದ್ದಕ್ಕೆ ಎಂಬ ನಮ್ಮೂರಿನ ಪದ್ಧತಿ ಗೊತ್ತಲ್ಲ. ಮಾಸ್ಕ್ ಸೇರಬೇಕಾದ್ದು ಕೆಂಪಿಗೆ. ಎಲಾಸ್ಟಿಕ್ ಕತ್ತರಿಸಿ, ಇಲ್ಲದಿದ್ದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿ ಕೊಡಿ.